ಎಳೆದ ಹೂಂ, ಇಳಿದ ಹೂಂ

ತುಮಕೂರಿನಿಂದ ಗುಬ್ಬಿಗೆ ಹೊರಟ ಬಸ್ಸು. ಕಿಟಕಿ ಪಕ್ಕದ ಹೆಂಗಸಿನ ಕಿವಿಗೆ ಫೋನು ಅಂಟಿದೆ. ಆಕೆಯ ಬಾಯಲ್ಲಿರುವುದು ಒಂದೇ ಮಾತು: "ಹೂಂ." ಮೊದಲನೆಯದು ಮೇಲಕ್ಕೇರಿ ನಿಂತಿತು, ಆಮೇಲೆ? ಎಂಬಂತೆ. ಎರಡನೆಯದು ಮಟ್ಟಸ; ಹೇಳು, ಕೇಳಿಸಿಕೊಳ್ತಿದ್ದೀನಿ. ಮೂರನೆಯದು ಉದ್ದಕ್ಕೆ ಎಳೆದು, ಉಸಿರಿನ ಜೊತೆ ಕೆಳಗಿಳಿಯಿತು. ಫೋನು ಮಡಿಲಿಗೆ ಬಂದದ್ದೇ ಪಕ್ಕದಾಕೆ ಮೆಲ್ಲಗೆ ಕೇಳುತ್ತಾಳೆ: "ಯಾರಿಗಕ್ಕ ಹುಷಾರಿಲ್ದಿರೋದು?" ಆ ಕಡೆಯವರ ಒಂದು ಪದವೂ ಇವಳ ಕಿವಿಗೆ ಬಿದ್ದಿಲ್ಲ.

ಗುಬ್ಬಿಯಲ್ಲಿ ಇಳಿದರೆ ಹೂವಿನ ಬುಟ್ಟಿ. "ಮಾರು ಎಂಬತ್ತು." ದನಿ ಇಳಿಯಿತು, ಬೆಲೆ ಅಷ್ಟೇ. "ಎಂಬತ್ತು?" ಕೊಳ್ಳುವಾಕೆಯ ದನಿ ಕೊನೆಯ ಅಕ್ಷರದ ಮೇಲೆ ಹತ್ತಿತು. ಪ್ರಶ್ನೆಗೆ 'ಆ' ಬೇಕು, 'ಎಂಬತ್ತಾ' ಆಗಬೇಕು ಎನ್ನುತ್ತದೆ ವ್ಯಾಕರಣ. ಇಲ್ಲಿ ಅದರ ಗೊಡವೆಯೇ ಇಲ್ಲ. ಸ್ಪ್ಯಾನಿಷ್ ಮಾತಾಡುವವರಿಗೆ ಇದು ನಿತ್ಯದ ರೂಢಿ. 'ವಿಯೆನೆ' ಅಂದರೆ ಬರುತ್ತಾನೆ. ಅದನ್ನೇ ಏರುದನಿಯಲ್ಲಿ ಅಂದರೆ ಬರುತ್ತಾನಾ. ಬರಹದಲ್ಲಿ ಆ ಏರು ಕಾಣದೆಂದೇ ಅವರ ರಾಜ ಅಕಾಡೆಮಿ 1754ರಲ್ಲಿ ಪ್ರಶ್ನೆಯ ಶುರುವಿಗೂ ತಲೆಕೆಳಗಾದ ಚಿಹ್ನೆಯೊಂದನ್ನು ತಂದಿತು.

ನಮ್ಮ 'ನೋಡೋಣ'ಕ್ಕೂ ಅಂಥದ್ದೊಂದು ಗುರುತು ಬೇಕಿತ್ತು. ಕೊಳ್ಳುವಾಕೆ "ಅರವತ್ತಕ್ಕೆ ಕೊಡಮ್ಮ" ಅನ್ನುತ್ತಾಳೆ. "ನೋಡೋ...ಣ," ಹೂವಿನವಳು ಎಳೆಯುತ್ತಾಳೆ. ಆಗದು ಎಂದೇ ಅರ್ಥ. ಥಟ್ಟನೆ ಕತ್ತರಿಸಿ ಅಂದಿದ್ದರೆ ಇಷ್ಟು ಹೊತ್ತಿಗೆ ದಾರ ಅಳೆಯುತ್ತಿದ್ದಳು.

1884ರಲ್ಲಿ ಹುಟ್ಟಿ, ಮುಂದೆ ವೀರಣ್ಣನವರ ಕೈಯಲ್ಲಿ ನಾಡಿಗೆಲ್ಲ ಹೆಸರಾದ ನಾಟಕ ಕಂಪನಿ ಈ ಊರಿನದೇ. ಮೈಕಿಲ್ಲದ ಕಾಲದ ನಟರು ಮಾತಿನ ಏರಿಳಿತವನ್ನು ಹಿಗ್ಗಿಸಿ ಕೊನೆಯ ಸಾಲಿಗೆ ಮುಟ್ಟಿಸಬೇಕಿತ್ತು. ಬುಟ್ಟಿಯ ಮುಂದಿನ ಈ ಏರಿಳಿತ ಎರಡು ಮೊಳದಾಚೆ ಕೇಳದು, ಆದರೂ ನನಗೆ ಅದರಷ್ಟೇ ದೊಡ್ಡದು.

ಸಂಜೆ ಕುಣಿಗಲ್ ಬಸ್ ನಿಲ್ದಾಣ. ಬೆಂಗಳೂರಿನ ಬಸ್ಸು ಗುರುಗುಡುತ್ತಿದೆ. ಮುದುಕಿ ಮಗನ ಬ್ಯಾಗಿನ ಪಟ್ಟಿ ಹಿಡಿದು ನಿಂತಿದ್ದಾಳೆ.

"ಓಯ್ತೀಯಾ."

ಪದದ ಕೊನೆಗೆ 'ಆ' ಇದೆ. ದನಿ ಮಾತ್ರ ಕೆಳಗೇ ಉಳಿಯಿತು. ಅವನು ಬಸ್ಸನ್ನೊಮ್ಮೆ, ಅವಳನ್ನೊಮ್ಮೆ ನೋಡಿ ಬ್ಯಾಗು ಕೆಳಗಿಡುತ್ತಾನೆ.

"ಮುಂದಿನ್ ಬಸ್ಸಿಗೆ ಓಯ್ತೀನಿ ಬಿಡವ್ವ."

"ಹೂಂ," ಅನ್ನುತ್ತಾಳೆ. ಚಿಕ್ಕದು, ಮೇಲಕ್ಕೆದ್ದದ್ದು.