ಒಂದು ಬೆಣೆಯ ಕೆಲಸ

ಇಂಗ್ಲೆಂಡಿನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಅಡುಗೆಮನೆಯ ಮೂಲೆಯಲ್ಲಿ ಪುಟ್ಟ ಮರದ ಕುರ್ಚಿಯೊಂದನ್ನು ಕಂಡೆ. ಮೊಮ್ಮಗನದು. ಯಾವುದೋ ಶಾಲೆಯವರು ವಿಲೇವಾರಿ ಮಾಡಿದ್ದನ್ನು ಹಳೆಯ ಸಾಮಾನಿನ ಅಂಗಡಿಯಿಂದ ತಂದಿದ್ದಳಂತೆ. ಎತ್ತಿ ತಿರುಗಿಸಿ ನೋಡಿದೆ. ಹುಡುಕಿದರೂ ಒಂದು ಮೊಳೆ ಕಾಣಲಿಲ್ಲ. ಕಾಲುಗಳ ತುದಿಯನ್ನು ಹಲಗೆಯ ತೂತಿಗೆ ಸೇರಿಸಿ, ಮೇಲಿನಿಂದ ಸಣ್ಣ ಬೆಣೆ ಹೊಡೆದು ಬಿಗಿದಿದ್ದರು. "ಅಪ್ಪಾ, ಆ ಕುರ್ಚಿಗೆ ನನಗಿಂತ ಹೆಚ್ಚು ವಯಸ್ಸಾಗಿದೆ" ಎಂದು ಮಗಳು ನಕ್ಕಳು. ನನಗೆ ನಗು ಬರಲಿಲ್ಲ. ಮುಖ್ಯೋಪಾಧ್ಯಾಯನಾಗಿದ್ದಾಗ ನಾನೇ ಸಹಿ ಹಾಕಿ ಹರಾಜಿಗೆ ಕಳುಹಿಸಿದ ಬೆಂಚುಗಳು ನೆನಪಾದವು.

ಅಲ್ಲಿದ್ದ ದಿನಗಳಲ್ಲಿ ಆ ಕುರ್ಚಿಯ ಚರಿತ್ರೆಯನ್ನು ಓದಿ ತಿಳಿದುಕೊಂಡೆ. ಅದರ ಮೂಲವಿರುವುದು ಯುದ್ಧಕಾಲದ ಅಭಾವದಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಬಾಂಬು ಬಿದ್ದು ಬ್ರಿಟನ್ನಿನ ಅಸಂಖ್ಯ ಮನೆಗಳು ಹಾಳಾದವು. ಹಡಗಿನಲ್ಲಿ ಬರುತ್ತಿದ್ದ ಮರದ ಆಮದು ಕುಗ್ಗಿತು. 1942ರಲ್ಲಿ ಸರಕಾರವು 'ಯುಟಿಲಿಟಿ' ಎಂಬ ಯೋಜನೆಯನ್ನು ರೂಪಿಸಿ, ಮರುವರ್ಷ ಮಂಚ, ಮೇಜು, ಕುರ್ಚಿ, ಕಪಾಟುಗಳ ಚಿಕ್ಕದೊಂದು ಪಟ್ಟಿಯನ್ನು ಪ್ರಕಟಿಸಿತು. ಮೊದಮೊದಲು ಕೊಳ್ಳುವ ಅವಕಾಶವಿದ್ದುದು ಹೊಸದಾಗಿ ಮದುವೆಯಾದವರಿಗೆ ಮತ್ತು ಬಾಂಬಿಗೆ ಮನೆ ಕಳೆದುಕೊಂಡವರಿಗೆ ಮಾತ್ರ. ಅದೂ ನಮ್ಮ ಪಡಿತರದಂತೆ ಇಷ್ಟೇ ಎಂಬ ಲೆಕ್ಕದಲ್ಲಿ. ವಿನ್ಯಾಸ ಮಂಡಳಿಯ ಅಧ್ಯಕ್ಷರಾದ ಗಾರ್ಡನ್ ರಸೆಲ್ ಅವರು, ಸಾಮಾನ್ಯರ ಮನೆಗೂ ಒಳ್ಳೆಯ ವಸ್ತು ಸಲ್ಲಬೇಕೆಂದು ನಂಬಿದವರು. ಕೆತ್ತನೆ, ಅಲಂಕಾರಗಳನ್ನೆಲ್ಲ ಬಿಟ್ಟುಕೊಟ್ಟರು. ಕೂಡಿಕೆಗಳ ಗಟ್ಟಿತನವನ್ನು ಮಾತ್ರ ಬಿಡಲಿಲ್ಲ. 1952ರವರೆಗೆ ಈ ಯೋಜನೆ ನಡೆಯಿತು.

ಲಂಡನ್ನಿಗೂ ಆಕ್ಸ್‌ಫರ್ಡಿಗೂ ನಡುವೆ ಹೈ ವಿಕಮ್ ಎಂಬ ಪಟ್ಟಣವಿದೆ. ಸುತ್ತಲೂ ಬೀಚ್ ಮರದ ಕಾಡು. ಹಿಂದೆ ಆ ಕಾಡಿನಲ್ಲಿಯೇ ಕುಳಿತು ಕುರ್ಚಿಯ ಕಾಲುಗಳನ್ನು ಕಡೆಯುತ್ತಿದ್ದ ಕಸುಬಿನವರಿದ್ದರು. ಒಂದೇ ದಪ್ಪ ಹಲಗೆಗೆ ಕೆಳಗಿನಿಂದ ಕಾಲುಗಳನ್ನೂ ಮೇಲಿನಿಂದ ಬೆನ್ನಿನ ಕಡ್ಡಿಗಳನ್ನೂ ನೆಡುವ 'ವಿಂಡ್ಸರ್' ಕುರ್ಚಿಗೆ ಆ ಊರು ಹೆಸರುವಾಸಿ. ಇಟಲಿಯಲ್ಲಿ 1888ರಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಲಂಡನ್ನಿಗೆ ಬಂದ ಲೂಸಿಯನ್ ಎರ್ಕೊಲಾನಿ ಎಂಬವರು 1920ರಲ್ಲಿ ಇಲ್ಲಿ ಕಾರ್ಖಾನೆ ತೆರೆದರು. 1944ರಲ್ಲಿ ಸರಕಾರ ಅವರನ್ನು ಒಂದು ಲಕ್ಷ ಅಗ್ಗದ ಅಡುಗೆಮನೆ ಕುರ್ಚಿಗಳಿಗಾಗಿ ಕೇಳಿತು. ಹಳ್ಳಿಯವರ ಹಳೆಯ ವಿಂಡ್ಸರ್ ಮಾದರಿಯನ್ನೇ ಅವರು ಯಂತ್ರಕ್ಕೆ ಒಗ್ಗಿಸಿದರು. ಆಸನಕ್ಕೆ ಆರಿಸಿದ್ದು ಎಲ್ಮ್ ಮರ. ಅದರ ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಸುಲಭವಾಗಿ ಸೀಳದು. ಆದರೆ ಒಣಗುವಾಗ ಡೊಂಕಾಗುವ ಹಟಮಾರಿ. ಅದನ್ನು ಬಿಸಿಕೋಣೆಯಲ್ಲಿ ಹದವರಿತು ಒಣಗಿಸುವ ಬಗೆಯನ್ನು ಅವರು ಸಾಧಿಸಿದರು. ಬೀಚ್ ಮರವನ್ನು ಹಬೆಯಲ್ಲಿ ಮೆದುಮಾಡಿ ಬಾಗಿಸಿದರು. 'ಎರ್ಕೋಲ್' ಎಂದು ಪ್ರಸಿದ್ಧವಾದ ಈ ಕಾರ್ಖಾನೆ, 1950ರ ದಶಕದಲ್ಲಿ ಒಂದರ ಮೇಲೊಂದು ಪೇರಿಸಿಡಬಹುದಾದ ಕುರ್ಚಿಗಳನ್ನು ಶಾಲಾಮಕ್ಕಳ ಅಳತೆಯಲ್ಲಿಯೂ ತಯಾರಿಸಿತು. ನನ್ನ ಮೊಮ್ಮಗನ ಕುರ್ಚಿ ಅಂಥದೇ.

ಅದೇ ಊರಿನ ಗೊಮ್ ಮನೆತನದ ಡೊನಾಲ್ಡ್ ಗೊಮ್ ಅವರು 1953ರಲ್ಲಿ 'ಜಿ ಪ್ಲಾನ್' ಎಂಬ ಹೆಸರಿನಲ್ಲಿ ಪೀಠೋಪಕರಣಗಳನ್ನು ಮಾರುಕಟ್ಟೆಗೆ ತಂದರು. ಅದುವರೆಗೆ ಒಂದು ಕೋಣೆಗೆ ಬೇಕಾದುದನ್ನೆಲ್ಲ ಒಟ್ಟಿಗೆ ಕೊಳ್ಳುವುದು ವಾಡಿಕೆ. ಇವರದಾದರೋ ಈ ವರ್ಷ ಮೇಜು, ಬರುವ ವರ್ಷ ಕಪಾಟು ಎಂದು ಕೈಗೆಟುಕಿದಷ್ಟನ್ನೇ ಕೊಂಡು ಹೊಂದಿಸಬಹುದಾದ ಬಗೆ. 1960ರ ದಶಕದಲ್ಲಿ ಡೆನ್ಮಾರ್ಕಿನ ಪ್ರಭಾವದಿಂದ ತೇಗ ಅಲ್ಲಿ ಅಚ್ಚುಮೆಚ್ಚಾಯಿತು. ಇಂಗ್ಲಿಷಿನ 'ಟೀಕ್' ಎಂಬ ಪದ ಹೋದದ್ದು ಪೋರ್ಚುಗೀಸರ ಮೂಲಕ ಮಲಯಾಳದ 'ತೇಕ್ಕ್'ನಿಂದ. ನಮ್ಮ 'ತೇಗ' ಅದರ ಒಡಹುಟ್ಟು. ಎರಡು ಭಾಷೆಗಳ ನಡುವೆ ಬಾಳುವ ಕಾಸರಗೋಡಿನವನಾದ ನನಗೆ, ಅಷ್ಟು ದೂರದಲ್ಲಿ ನೆರೆಮನೆಯವರು ಸಿಕ್ಕಿದಂತಾಯಿತು.

ಈ ಪೀಠೋಪಕರಣಗಳೆಲ್ಲ ಇಡಿಯ ಮರದವಲ್ಲ. ಹಲಗೆಯ ಮೇಲೆ ತೇಗದ ತೆಳು ಪದರ ಅಂಟಿಸಿದವೂ ಬಹಳ. ಆದರೂ ಅವುಗಳ ಗೆರೆ ಸರಳ, ಕಾಲು ತೆಳು, ಭಾರ ಕಡಿಮೆ. ಯುದ್ಧಾನಂತರದ ಚಿಕ್ಕ ಮನೆಗಳಿಗೆ ಹೇಳಿ ಮಾಡಿಸಿದಂಥವು. ಮುಂದೆ ಒಂದು ಶಿಲೀಂಧ್ರರೋಗ ತಗುಲಿ ಬ್ರಿಟನ್ನಿನ ಎಲ್ಮ್ ಮರಗಳು ಕೋಟಿಗಟ್ಟಲೆ ನಾಶವಾದವು. ಮರ ಹೋದರೂ ಅದರ ಕುರ್ಚಿಗಳು ಉಳಿದಿವೆ.

ನನ್ನ ಬೆಂಚುಗಳ ಕಥೆ ಹೇಳಬೇಕು. ಊರಿನ ಆಚಾರಿಯೊಬ್ಬರು ಹಲಸಿನ ಮರದಲ್ಲಿ ಮಾಡಿಕೊಟ್ಟವು ಅವು. ನನ್ನ ಕಾಲಕ್ಕೆ ಹಲವು ಬೆಂಚುಗಳ ಕಾಲು ಅಲುಗಾಡುತ್ತಿತ್ತು. ಉಕ್ಕಿನ ಚೌಕಟ್ಟಿನ ಹೊಸ ಬೆಂಚುಗಳಿಗೆ ಹಣ ಮಂಜೂರಾದಾಗ, ಹಳೆಯವು 'ಉಪಯೋಗಕ್ಕೆ ಬಾರದವು' ಎಂದು ಬರೆದು ಸಹಿ ಹಾಕಿದೆ. ಅಂದು ಅದನ್ನೇ ಪ್ರಗತಿಯೆಂದು ತಿಳಿದಿದ್ದೆ. ಕಡಲಿನ ಉಪ್ಪುಗಾಳಿಗೆ ಹೊಸ ಬೆಂಚುಗಳ ಕಾಲು ತುಕ್ಕು ಹಿಡಿಯುವುದನ್ನು ನನ್ನ ನಿವೃತ್ತಿಗೆ ಮೊದಲೇ ಕಂಡೆ.

ಇಂಗ್ಲೆಂಡಿನಿಂದ ಮರಳಿದ ಮೇಲೆ, ಬಸ್ ನಿಲ್ದಾಣದ ಬಳಿಯ ಚಹಾದಂಗಡಿಗೆ ಹೋದೆ. ಅಲ್ಲಿ ಆ ಹರಾಜಿನ ಬೆಂಚೊಂದಿದೆಯೆಂದು ನನಗೆ ಗೊತ್ತಿತ್ತು. ವರ್ಷಗಳಿಂದ ಅದರತ್ತ ನೋಡದೆ ಹಾದುಹೋಗುತ್ತಿದ್ದೆ. ಆ ದಿನ ಕುಳಿತುಕೊಂಡೆ. ಅಲುಗಾಡಲಿಲ್ಲ. ಮಕ್ಕಳು ಕೈವಾರದ ಮೊನೆಯಿಂದ ಕೊರೆದ ಹೆಸರುಗಳು ಹಾಗೆಯೇ ಇದ್ದವು. ಅಂಗಡಿಯಾತ ನನ್ನ ಹಳೆಯ ವಿದ್ಯಾರ್ಥಿ. "ದೊಡ್ಡ ರಿಪೇರಿ ಏನಾದರೂ ಮಾಡಿಸಿದೆಯಾ?" ಎಂದು ಕೇಳಿದೆ.

"ಏನಿಲ್ಲ ಮಾಷ್ಟ್ರೇ, ಕಾಲಿಗೆ ಒಂದು ಬೆಣೆ ಹೊಡೆಸಿದ್ದು, ಅಷ್ಟೆ" ಎಂದು ಚಹಾ ತಂದಿಟ್ಟ.