ಮಲ್ಲಟದ ಅಂಗಳದಲ್ಲಿ ಮೂರು ಕಲೆಗಳು

ರಾಯಚೂರನ್ನು ಬಿಟ್ಟು ಕಲ್ಮಲಾ ದಾಟುತ್ತಿದ್ದಂತೆಯೇ ರಸ್ತೆಯ ಎಡಬಲಗಳಲ್ಲಿ ಎರೆಭೂಮಿ ಹರವಾಗಿ ತೆರೆದುಕೊಳ್ಳುತ್ತದೆ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಇವೆರಡರ ನಡುವಣ ಈ ಸೀಮೆಯನ್ನು ಹಿಂದಿನವರು ಎಡೆದೊರೆ ನಾಡೆಂದು ಕರೆದರು. ರಾಯಚೂರು, ದೇವದುರ್ಗ, ಮಾನ್ವಿ ಈ ಮೂರು ಊರುಗಳ ನಡುವೆ ಇರುವ ಮಲ್ಲಟ ನಮ್ಮ ದೊಡ್ಡಪ್ಪನವರ ಊರು. ಸಂಕ್ರಾಂತಿ ಕಳೆದ ಮರುವಾರ ತಾಯಿಯವರನ್ನೂ ಹೆಂಡತಿ ಮಕ್ಕಳನ್ನೂ ಕೂರಿಸಿಕೊಂಡು ನಾನು ಅಲ್ಲಿಗೆ ಹೊರಟಿದ್ದೆ. ಹೊಲಗಳಲ್ಲಿ ಬಿಳಿಜೋಳ ತೆನೆ ಹೊತ್ತು ನಿಂತಿತ್ತು. ಒಂದು ರಾತ್ರಿ ತಂಗಿ ಮರುದಿನ ಬೆಳಗ್ಗೆ ಹಿಂದಿರುಗುವುದೆಂದು ನಿಶ್ಚಯವಾಗಿತ್ತು.

ನಮ್ಮ ಕಾರಿಗೆ ಆಗಲೇ 18 ವರುಷ. ಮೀಟರು 2 ಲಕ್ಷ 40 ಸಾವಿರ ಕಿಲೋಮೀಟರುಗಳನ್ನು ದಾಟಿತ್ತು. ಇನ್ನೂ ಓಡುತ್ತಿದೆಯಲ್ಲ ಎಂಬ ಹೆಮ್ಮೆಯಲ್ಲಿ ಅದರ ಕೆಳಗೆ ಬಗ್ಗಿ ನೋಡುವ ಅಭ್ಯಾಸವನ್ನೇ ನಾನು ಬಿಟ್ಟಿದ್ದೆ.

ಮಧ್ಯಾಹ್ನ ಅಂಗಳದಲ್ಲಿ ಕಾರು ನಿಂತು ಸ್ವಲ್ಪ ಹೊತ್ತಿಗೆ ನನ್ನ ಮಗಳು ಕೂಗಿದಳು: “ಅಪ್ಪಾ, ಕಾರು ಸೋರುತ್ತಿದೆ!” ಓಡಿಹೋಗಿ ನೋಡಿದರೆ ಮುಂದಿನ ಆಸನದ ಕೆಳಗೆ ತೊಟ್ಟಿಕ್ಕುತ್ತಿತ್ತು. ಬೆರಳಿಗೆ ಹಚ್ಚಿಕೊಂಡು ನೋಡಿದೆ. ಬಣ್ಣವಿಲ್ಲ, ವಾಸನೆಯಿಲ್ಲ, ಜಿಡ್ಡಿಲ್ಲ, ಬರಿಯ ನೀರು. ಬಿಸಿಲಿನಲ್ಲಿ ತಣ್ಣೀರಿನ ತಂಬಿಗೆಯ ಹೊರಮೈ ಬೆವರುವಂತೆ, ಕಾರಿನ ಒಳಗನ್ನು ತಂಪು ಮಾಡುವ ಏ.ಸಿ. ಯಂತ್ರವೂ ಬೆವರುತ್ತದೆ. ಆ ಬೆವರು ಕೆಳಗೆ ಹನಿಯುವುದು ದೋಷವಲ್ಲ. ನಾವೆಲ್ಲ ನಕ್ಕೆವು.

ದೊಡ್ಡಪ್ಪನವರು ಮಾತ್ರ ನಗಲಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಮೇಲೆ ಗ್ಯಾಂಗ್‌ಮನ್ ಆಗಿ ದುಡಿದವರು ಅವರು. ಎಲ್ಲಿ ಏರಿ ಜಿನುಗುತ್ತದೆ, ಎಲ್ಲಿ ತೂಬು ಸೋರುತ್ತದೆ ಎಂದು ನೋಡುವುದರಲ್ಲೇ ಅವರ ಕಣ್ಣು ಪಳಗಿತ್ತು. ಕುಕ್ಕರುಗಾಲಿನಲ್ಲಿ ಕುಳಿತು ಇಂಜಿನ್ನಿನ ಅಡಿಯನ್ನು ದಿಟ್ಟಿಸಿದರು. ಅಲ್ಲಿ ದೂಳು ಹೆಪ್ಪುಗಟ್ಟಿ ಕರಿಯ ಮೇಣದಂತೆ ಅಂಟಿತ್ತು.

“ತಮ್ಮಾ, ದೂಳು ಸುಮ್ಮನ ಅಂಟಂಗಿಲ್ಲ. ಎಲ್ಯೋ ಹಸಿ ಐತಿ.”

“ನೆಲದ ಮೇಲೆ ಏನೂ ಕಾಣುವುದಿಲ್ಲವಲ್ಲ, ದೊಡ್ಡಪ್ಪ?”

“ಕರಿ ಮಣ್ಣಿನ ಮ್ಯಾಲ ಕರಿ ಎಣ್ಣಿ ಬಿದ್ರ ಹೆಂಗ ಕಾಣತೈತಿ?”

ಸಂಜೆ, ಇಂಜಿನ್ ಪೂರ್ತಿ ತಣಿದ ಮೇಲೆ, ಅದರ ಅಡಿಭಾಗವನ್ನು ಡೀಸೆಲ್ ಅದ್ದಿದ ಅರಿವೆಯಿಂದ ಒರಸಿದೆವು. ಹಳೆಯ ಜಿಡ್ಡು ಇರುವ ತನಕ ಹೊಸ ಸೋರಿಕೆಯ ಮೂಲ ಸಿಕ್ಕುವುದಿಲ್ಲ. ಕಿರಾಣಿ ಅಂಗಡಿಯಿಂದ ರಟ್ಟಿನ ಪೆಟ್ಟಿಗೆಗಳನ್ನು ತಂದು ಬಿಚ್ಚಿ, ಸಮನೆಲದಲ್ಲಿ ಹಾಸಿ, ಅದರ ಮೇಲೆ ಕಾರನ್ನು ನಿಲ್ಲಿಸಿದೆವು. ನಾಲ್ಕು ಗಾಲಿಗಳ ಜಾಗವನ್ನು ಸೀಮೆಸುಣ್ಣದಿಂದ ಗುರುತು ಮಾಡಿ ಮಲಗಿದೆವು.

ಬೆಳಗಾದಾಗ ರಟ್ಟಿನ ಮೇಲೆ ಮೂರು ಕಲೆಗಳಿದ್ದವು.

ಮೊದಲನೆಯದು ಮುಂಭಾಗದಲ್ಲಿ, ರೇಡಿಯೇಟರಿನ ಕೆಳಗೆ; ತೆಳು ಹಸಿರು, ಮೂಗಿಗೆ ಸಿಹಿವಾಸನೆ. ಇಂಜಿನ್ನನ್ನು ತಂಪಿಡುವ ಕೂಲಂಟ್ ಅದು. ಕಂಪನಿಗೆ ತಕ್ಕಂತೆ ಅದು ಕೆಂಪಾಗಿಯೋ ಕಿತ್ತಳೆಯಾಗಿಯೋ ಇರಬಹುದು. ಆದುದರಿಂದ ಬಣ್ಣವೊಂದನ್ನೇ ನಂಬಬಾರದು. ಅದು ವಿಷ, ಸಿಹಿಗೆ ಮರುಳಾಗಿ ನಾಯಿಗಳು ನೆಕ್ಕಿ ಸಾಯುವುದುಂಟು. ಎರಡನೆಯದು ಇಂಜಿನ್ನಿನ ಕೆಳಗೆ ಕಪ್ಪಗೆ ಜಿಡ್ಡಾಗಿ ಬಿದ್ದ ಇಂಜಿನ್ ಆಯಿಲ್. ಮೂರನೆಯದು ಎಲ್ಲಕ್ಕಿಂತ ಚಿಕ್ಕದು. ಎಡಗಡೆಯ ಹಿಂದಿನ ಗಾಲಿಯ ಒಳಮಗ್ಗುಲಲ್ಲಿ, ರೂಪಾಯಿ ಬಿಲ್ಲೆಯಷ್ಟಗಲ, ಮಸುಕು ಹಳದಿ, ನೀರಿನಷ್ಟು ತೆಳುವಾದರೂ ಬೆರಳಿಗೆ ಜಾರುವಂಥದು.

ಊರಿನ ಟ್ರ್ಯಾಕ್ಟರ್ ಮಿಸ್ತ್ರಿ ಬಂದರು. ಹಸಿರು ಕಲೆಗೆ ಕಾರಣ ರಬ್ಬರು ಪೈಪಿನ ಸಡಿಲಾದ ಪಟ್ಟಿ. ತಿರುಪು ಬಿಗಿಯುವುದರೊಳಗೆ ಮುಗಿಯಿತು. ಕರಿಯ ಕಲೆಗೆ ಅಡಿಯ ಆಯಿಲ್ ತೊಟ್ಟಿಯೇ ಒಡೆದಿರಬೇಕೆಂದು ನಾನು ಹೆದರಿದ್ದೆ. ದೊಡ್ಡಪ್ಪನವರು ತಲೆಯಾಡಿಸಿದರು: “ಗದ್ದಿಗೆ ನೀರು ಬಂದಲ್ಲೇ ಕಾಲುವಿ ಒಡದಿರಂಗಿಲ್ಲ. ಮ್ಯಾಲ ಹೋಗಿ ನೋಡ್ಬೇಕು.” ಮಿಸ್ತ್ರಿಗಳೂ ಅದನ್ನೇ ಮಾಡಿದರು. ಹಸಿಯ ಜಾಡು ಹಿಡಿದು ಮೇಲೇರಿದರೆ, ಇಂಜಿನ್ನಿನ ತಲೆಯ ಮುಚ್ಚಳದ ಕೆಳಗಿನ ಗ್ಯಾಸ್ಕೆಟ್ ವಯಸ್ಸಿಗೂ ಕಾವಿಗೂ ಗಡುಸಾಗಿ ಬಿರಿದಿತ್ತು. ಎಣ್ಣೆ ಅಲ್ಲಿಂದ ಇಳಿದು, ಓಡುವಾಗಿನ ಗಾಳಿಗೆ ಹಿಂದಕ್ಕೆ ಸರಿದು, ಬೇರೊಂದೆಡೆ ತೊಟ್ಟಿಕ್ಕುತ್ತಿತ್ತು. ಹನಿ ಬಿದ್ದ ಜಾಗವೇ ಗಾಯದ ಜಾಗವಲ್ಲ. ಒದ್ದೆಯಾದ ಭಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದನ್ನೂ ಮುಂದಿನದನ್ನೂ ಹುಡುಕಬೇಕು.

“ಎಣ್ಣೆಯ ಮಟ್ಟ ನೋಡಿಕೊಳ್ಳುತ್ತ ಇಷ್ಟರಲ್ಲೇ ರಾಯಚೂರು ಸೇರಬಹುದು. ಆ ಚಿಕ್ಕ ಕಲೆಯನ್ನು ಅಲ್ಲಿಯೇ ತೋರಿಸುತ್ತೇನೆ. ನಾಳೆ ಕಚೇರಿಯಿದೆ” ಎಂದೆ.

ಮಿಸ್ತ್ರಿಗಳು ಮಾತನಾಡದೆ ಬಾನೆಟ್ಟಿನೊಳಗಿನ ಬ್ರೇಕ್ ಆಯಿಲ್ ಡಬ್ಬಿಯನ್ನು ತೋರಿಸಿದರು. ಮಟ್ಟ ಕೆಳಗಿನ ಗೆರೆಗಿಂತಲೂ ಇಳಿದಿತ್ತು. ಪೆಡಲನ್ನು ಒತ್ತಿ ಹಿಡಿದರೆ ಅದು ಮೆಲ್ಲಮೆಲ್ಲನೆ ಒಳಕ್ಕೆ ಕುಸಿಯುತ್ತಿತ್ತು. ಕಾಲಿನ ಒತ್ತಡವನ್ನು ಗಾಲಿಗಳಿಗೆ ಮುಟ್ಟಿಸುವುದೇ ಆ ದ್ರವ. ಅದು ಸೋರಿದಷ್ಟೂ ಪೆಡಲ್ ಪೊಳ್ಳಾಗುತ್ತದೆ.

ದೊಡ್ಡಪ್ಪನವರು ನನ್ನ ತಾಯಿಯವರ ಕಡೆಗೊಮ್ಮೆ, ಆಡುತ್ತಿದ್ದ ಮಕ್ಕಳ ಕಡೆಗೊಮ್ಮೆ ನೋಡಿ, ತಗ್ಗಿದ ದನಿಯಲ್ಲಿ ಹೇಳಿದರು: “ಆ ಎಣ್ಣಿ ಸೋರಿದ್ರ ಗಾಡಿ ನಿಲ್ತೈತಿ, ತಮ್ಮಾ. ಈ ಎಣ್ಣಿ ಸೋರಿದ್ರ ಗಾಡಿ ನಿಲ್ಲಂಗಿಲ್ಲ.”

ನಾನು ಬೀಗದಕೈಯನ್ನು ಅವರ ಕೈಗಿತ್ತೆ.

ಯಾರೋ ಟ್ರ್ಯಾಕ್ಟರಿನ ಎಣ್ಣೆಯನ್ನೇ ಆ ಡಬ್ಬಿಗೆ ಸುರಿದು ಹೋಗಿರೆಂದು ಸಲಹೆಯಿತ್ತರು. ಮಿಸ್ತ್ರಿಗಳು ಒಪ್ಪಲಿಲ್ಲ. ಇಂಜಿನ್ ಎಣ್ಣೆ ಬ್ರೇಕಿನ ರಬ್ಬರುಗಳನ್ನು ಉಬ್ಬಿಸಿ ಕೆಡಿಸುತ್ತದೆ. ಡಬ್ಬಿಯ ಮುಚ್ಚಳದ ಮೇಲೆ ಬರೆದ ದ್ರವವನ್ನಲ್ಲದೆ ಬೇರೇನನ್ನೂ ಹಾಕಬಾರದು. ಗಾಲಿ ಬಿಚ್ಚುವ ಮುನ್ನ ಜಾಕಿಯೊಂದನ್ನೇ ನಂಬದೆ ಅಚ್ಚಿನ ಕೆಳಗೆ ಭದ್ರವಾದ ಮರದ ದಿಮ್ಮಿಗಳನ್ನಿಟ್ಟರು. ಒಳಗಿನ ವೀಲ್ ಸಿಲಿಂಡರಿನ ರಬ್ಬರು ಸವೆದು, ಬ್ರೇಕ್ ಶೂ ಪೂರ್ತಿ ತೊಯ್ದಿತ್ತು. ಮಧ್ಯಾಹ್ನದ ಬಸ್ಸಿನಲ್ಲಿ ರಾಯಚೂರಿನಿಂದ ಸಾಮಾನು ಬಂತು. ಅದನ್ನು ಜೋಡಿಸಿ, ನಳಿಗೆಗಳೊಳಗಿನ ಗಾಳಿಯನ್ನು ತೆಗೆದು ಮುಗಿಸುವಾಗ ದೀಪ ಹಚ್ಚುವ ಹೊತ್ತಾಗಿತ್ತು. ಆ ರಾತ್ರಿ ಜೋಳದ ರೊಟ್ಟಿ, ಎಣ್ಣೆಗಾಯಿಯ ಮುಂದೆ ಕಚೇರಿಯ ನೆನಪು ನನ್ನನ್ನು ಅಷ್ಟಾಗಿ ಕಾಡಲಿಲ್ಲ.

ಮರುದಿನ ಹಿಂದಿರುಗುವಾಗ, ಕಲ್ಮಲಾ ಇನ್ನೂ ಮುಂದಿರುವಂತೆ, ಜಾಲಿಯ ಮರೆಯಿಂದ ಕುರಿಹಿಂಡೊಂದು ಥಟ್ಟನೆ ರಸ್ತೆಗೆ ಇಳಿಯಿತು. ಹಿಂಡಿನ ನಡುವೆ ನನ್ನ ಮಗಳ ವಯಸ್ಸಿನ ಹುಡುಗನೊಬ್ಬ ಕೋಲು ಹಿಡಿದು ಬರುತ್ತಿದ್ದ. ಪೆಡಲ್ ಒತ್ತಿದೆ. ಕಾರು ನಿಂತಿತು. ಹುಡುಗ ನಮ್ಮತ್ತ ನೋಡಲೂ ಇಲ್ಲ. ಕುರಿಗಳನ್ನು ದಾಟಿಸಿಕೊಂಡು ತನ್ನ ಪಾಡಿಗೆ ತಾನು ಹೋದ. ನಾನು ಮಾತ್ರ ಕೆಲವು ನಿಮಿಷ ಗೇರು ಹಾಕದೆ ಕುಳಿತಿದ್ದೆ.

ಮನೆಯಲ್ಲಿ ಈಗ ಕಾರು ನಿಲ್ಲುವ ಜಾಗದಲ್ಲಿ ಒಂದು ರಟ್ಟು ಸದಾ ಹಾಸಿರುತ್ತದೆ. ಬೆಳಗ್ಗೆ ಎದ್ದು ಅದನ್ನು ನೋಡುವ ಕೆಲಸ ಮಗಳದು.