ಡಿಕ್ಕಿಯಲ್ಲಿ ಮಲಗಿದ ಐದನೆಯ ಚಕ್ರ

ನಾಲ್ಕು ಚಕ್ರಗಳ ಗಾಳಿಯನ್ನು ತಪ್ಪದೆ ನೋಡಿಸುವವರೂ ಡಿಕ್ಕಿಯ ಐದನೆಯದನ್ನು ಕೇಳುವುದಿಲ್ಲ. ಓಡದ ಟೈರು ಸವೆಯುವುದಿಲ್ಲ, ಸವೆಯದ್ದು ಕೆಡುವುದಿಲ್ಲ ಎಂಬ ನಂಬಿಕೆ ಇದರ ಹಿಂದಿದೆ. ಅದರಲ್ಲಿ ಮೊದಲರ್ಧ ಮಾತ್ರ ನಿಜ. ರಬ್ಬರಿಗೆ ಸವೆತ ಬೇರೆ, ಮುಪ್ಪು ಬೇರೆ. ಆಮ್ಲಜನಕ, ಓಝೋನ್, ಬಿಸಿಲಲ್ಲಿ ನಿಂತ ಕಾರಿನ ಕಾವು, ಇವು ಮಲಗಿದ ಟೈರನ್ನೂ ಬಿಡುವುದಿಲ್ಲ. ಬಿರುಕು ತಡೆಯಲೆಂದು ರಬ್ಬರಿನಲ್ಲಿ ಬೆರೆಸಿದ ಮೇಣ ಮತ್ತು ರಾಸಾಯನಿಕಗಳು ಟೈರು ಉರುಳಿ ಬಾಗಿದಾಗ ಮೇಲ್ಮೈಗೆ ಚೆನ್ನಾಗಿ ಹರಡುತ್ತವೆ. ಅಲುಗದ ಟೈರಿಗೆ ಆ ರಕ್ಷಣೆ ಅಷ್ಟಾಗಿ ದಕ್ಕದು. ಹಾಗಾಗಿ ಸ್ಟೆಪ್ನಿಯ ವಯಸ್ಸಿಗೆ ಕ್ಯಾಲೆಂಡರೇ ಲೆಕ್ಕ. ಟೈರಿನ ಪಕ್ಕೆಯ ಮೇಲಿನ ತಯಾರಿಕೆಯ ಸಂಕೇತದ ಕೊನೆಯಲ್ಲಿ 2319 ಎಂದಿದ್ದರೆ ಅದು 2019ರ 23ನೆಯ ವಾರದ್ದು. ಬಟನ್ ಒಂದಿಷ್ಟೂ ಸವೆದಿರದಿದ್ದರೂ ಹತ್ತು ವರ್ಷ ದಾಟಿದ್ದನ್ನು ಬದಲಿಸಿ ಎಂದು ಹಲವು ಟೈರ್ ಕಂಪನಿಗಳೇ ಹೇಳುತ್ತವೆ.

ಮುಪ್ಪಿಗಿಂತ ಬೇಗ ಕೈಕೊಡುವುದು ಗಾಳಿ. ಪಕ್ಕೆಯ ಮೇಲೆ ಅಳತೆಗೆ ಮುಂಚೆ ‘ಟಿ’ ಅಕ್ಷರವಿರುವ ಸಪೂರ ಸ್ಟೆಪ್ನಿಗೆ ಸಾಮಾನ್ಯವಾಗಿ 60 ಪಿ.ಎಸ್.ಐ. ಗಾಳಿ ಬೇಕು, ಅಂದರೆ ಮಾಮೂಲಿ ಟೈರಿನ ಹೆಚ್ಚುಕಡಿಮೆ ಎರಡರಷ್ಟು. ಒಳಗೆ ಹಿಡಿಯುವ ಗಾಳಿ ಕಡಿಮೆ, ಹೊರಬೇಕಾದ ಭಾರ ಮಾತ್ರ ಅಷ್ಟೇ. ಆ ಕೊರತೆಯನ್ನು ಒತ್ತಡವೇ ತುಂಬಬೇಕು. ಒಳ್ಳೆಯ ಟೈರಿನಿಂದಲೂ ತಿಂಗಳಿಗೆ ಸುಮಾರು 1 ಪಿ.ಎಸ್.ಐ. ಸೋರುತ್ತದೆ. ಎರಡು ವರ್ಷ ಮುಟ್ಟದೆ ಬಿಟ್ಟರೆ ಇಪ್ಪತ್ತಕ್ಕೂ ಹೆಚ್ಚು ಹೋಯಿತು. ಪೆಟ್ರೋಲ್ ಬಂಕಿನಲ್ಲಿ ಹೇಳದೆ ಬಿಟ್ಟರೆ ಇದಕ್ಕೂ ಎಲ್ಲದಕ್ಕೂ ತುಂಬಿದ 32 ಅನ್ನೇ ತುಂಬುತ್ತಾರೆ. ನಮ್ಮಲ್ಲಿ ಅನೇಕ ಕಾರುಗಳ ಸ್ಟೆಪ್ನಿ ಈ ಜಾತಿಯದಲ್ಲ, ಒಂದು ಅಳತೆ ಚಿಕ್ಕದಾದ ಮಾಮೂಲಿ ಟೈರು. ಅದಕ್ಕೆ 60 ತುಂಬಬಾರದು. ಮೊದಲು ಟೈರನ್ನೂ ಬಾಗಿಲ ಬಳಿಯ ಚೀಟಿಯನ್ನೂ ಓದುವುದು ಅದಕ್ಕೇ.

ಇಡುವ ಜಾಗಕ್ಕೂ ಕಣ್ಣಿರಲಿ. ಡಿಕ್ಕಿಯ ಗುಳಿಯಲ್ಲಿ ಮಳೆನೀರು ನಿಂತರೆ ಉಕ್ಕಿನ ರಿಮ್ ತುಕ್ಕು ಹಿಡಿದು, ಟೈರು ಕೂರುವ ಅಂಚಿನಲ್ಲೇ ಗಾಳಿ ಸೋರತೊಡಗುತ್ತದೆ. ಎಂಜಿನ್ ಆಯಿಲ್ ಡಬ್ಬ, ಪೆಟ್ರೋಲ್ ಕ್ಯಾನ್ ಅದರ ಮೇಲೆ ಬೇಡ. ಎಣ್ಣೆ ರಬ್ಬರನ್ನು ಉಬ್ಬಿಸಿ ಮೆದುವಾಗಿಸುತ್ತದೆ. ಹಿಡಿದಿಡುವ ಬೋಲ್ಟು ಬಿಗಿಯಾಗಿರಬೇಕು. ಕಾರಿನ ಅಡಿಗೆ ತೂಗಿಸಿದ ಸ್ಟೆಪ್ನಿಯಾದರೆ ಕೆಸರು ಮೆತ್ತಿ ಅದನ್ನು ಇಳಿಸುವ ಸಾಧನವೇ ಕಚ್ಚಿಕೊಳ್ಳುತ್ತದೆ. ಮಳೆಗಾಲ ಮುಗಿದ ಮೇಲೆ ಒಮ್ಮೆ ಇಳಿಸಿ, ತೊಳೆದು, ಗ್ರೀಸ್ ಹಚ್ಚಿ ಏರಿಸಬೇಕು. ಅಲಾಯ್ ಚಕ್ರಕ್ಕೆ ಲಾಕ್ ನಟ್ ಇದ್ದರೆ ಅದರ ಕೀ ಜಾಕಿನ ಜೊತೆಯಲ್ಲೇ ಇರಲಿ.

ಟ್ಯೂಬ್‌ಲೆಸ್ ಕಾಲದಲ್ಲಿ ಇಷ್ಟೆಲ್ಲ ಏಕೆ ಎಂಬ ಆಕ್ಷೇಪ ಸಹಜ. ಟ್ಯೂಬ್‌ಲೆಸ್ ಟೈರು, ಗಾಳಿಯ ಒತ್ತಡ ತಿಳಿಸುವ ವ್ಯವಸ್ಥೆ, ದುರಸ್ತಿ ಕಿಟ್ ಇದ್ದರೆ ಸ್ಟೆಪ್ನಿ ಕಡ್ಡಾಯವಲ್ಲವೆಂದು ಕೇಂದ್ರವೇ 2020ರಲ್ಲಿ ನಿಯಮ ಬದಲಿಸಿದೆ. ಮೊಳೆ ಚುಚ್ಚಿದರೆ ಕಿಟ್ ಸಾಕು, ಒಪ್ಪೋಣ. ಗುಂಡಿಯ ಅಂಚಿಗೆ ಬಡಿದು ಪಕ್ಕೆ ಹರಿದರೆ ಯಾವ ಅಂಟೂ ನಿಲ್ಲುವುದಿಲ್ಲ. ಸಹಾಯವಾಣಿಗೆ ಫೋನ್ ಮಾಡಬಹುದೆನ್ನುವವರು ಚಾರ್ಮಾಡಿ ಘಾಟಿಯಲ್ಲಿ ರಾತ್ರಿ ಸಿಗ್ನಲ್ ಹುಡುಕುವ ಸ್ಥಿತಿಯನ್ನೂ ನೆನೆಯಬೇಕು. ಸರ್ವಿಸ್‌ನವರು ನೋಡಿರುತ್ತಾರೆ ಎಂಬ ಭರವಸೆ ಇನ್ನೂ ಅಪಾಯದ್ದು: ಡಿಕ್ಕಿ ತುಂಬ ಸಾಮಾನಿದ್ದರೆ ಯಾರೂ ಅದನ್ನು ತೆಗೆದು ಒಳಗೆ ನೋಡುವುದಿಲ್ಲ, ಒತ್ತಡ ಅಳೆಯುವ ಸೆನ್ಸರ್ ಬಹುಪಾಲು ಕಾರುಗಳ ಸ್ಟೆಪ್ನಿಯಲ್ಲಿ ಇರುವುದೂ ಇಲ್ಲ. ಗಾಡಿ ಬಿಡುವ ಮುನ್ನ ಡಿಕ್ಕಿ ಖಾಲಿ ಮಾಡಿ, ಜಾಬ್ ಕಾರ್ಡಿನಲ್ಲಿ ನಾಲ್ಕರ ಕೆಳಗೆ ಐದನೆಯ ಟೈರಿನ ಗಾಳಿಯನ್ನೂ ತಯಾರಾದ ವರ್ಷವನ್ನೂ ಬರೆಸಿಕೊಳ್ಳುವ ಹಕ್ಕು ಹಣ ಕೊಡುವ ನಮಗಿದೆ.